ಸ್ಕ್ರೀನ್ ಕಪ್ಪಾದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದೇ ಅರ್ಥವೇ?

ಹರಿಹರದಲ್ಲಿ ನಮ್ಮ ಚಿಕ್ಕಪ್ಪನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಅರ್ಜಿ, ಬಾಂಡ್ ಪೇಪರ್, ಶಾಲೆಯ ಪ್ರಶ್ನೆಪತ್ರಿಕೆ ಎಲ್ಲವೂ ಅಲ್ಲಿ ಟೈಪ್ ಆಗುತ್ತವೆ. ಇರುವುದು ಒಂದೇ ಕಂಪ್ಯೂಟರ್. 2014ರಲ್ಲಿ ಕೊಂಡದ್ದು. ಆದರೆ ಅದಕ್ಕೆ ಎರಡು ಮಾನಿಟರ್. ಒಂದು ಚಿಕ್ಕಪ್ಪನ ಕಡೆಗೆ, ಇನ್ನೊಂದು ಕೌಂಟರ್ ಆಚೆ ನಿಂತ ಗಿರಾಕಿಯ ಕಡೆಗೆ. ತಮ್ಮ ಹೆಸರು, ಊರು, ಮುಹೂರ್ತ ಎಲ್ಲ ಸರಿ ಇದೆಯೇ ಎಂದು ಗಿರಾಕಿಗಳೇ ನೋಡಿ ಹೇಳಲಿ ಎನ್ನುವುದಕ್ಕೆ ಈ ಏರ್ಪಾಡು.

ಕಳೆದ ಬೇಸಿಗೆಯಲ್ಲಿ ಗಿರಾಕಿಯ ಕಡೆಯ ಮಾನಿಟರ್ ಇದ್ದಕ್ಕಿದ್ದಂತೆ ಕಪ್ಪಾಯಿತು. ದಾವಣಗೆರೆಯಿಂದ ಬಂದ ರಿಪೇರಿಯವರು ಹತ್ತು ನಿಮಿಷ ಏನೋ ಮಾಡಿ ಸರಿಪಡಿಸಿದರು. ಸಂಜೆಯವರೆಗೂ ಚೆನ್ನಾಗಿತ್ತು, ಮರುದಿನ ಬೆಳಿಗ್ಗೆ ಮತ್ತೆ ಕಪ್ಪು. ಎರಡನೆಯ ಸಲ ಬಂದಾಗ ಅವರು, "ಬೋರ್ಡಿನ ಗ್ರಾಫಿಕ್ಸ್ ಹೋಗ್ತಾ ಐತಿ. ಹೊಸ ಕಾರ್ಡ್ ಹಾಕ್ಸಿ, ಇಲ್ಲಾಂದ್ರೆ ಹೊಸ ಕಂಪ್ಯೂಟರೇ ತಗೊಳ್ರಿ" ಎಂದರು. ಕಾರ್ಡಿಗೆ 5,500 ರೂಪಾಯಿ, ಹೊಸ ಕಂಪ್ಯೂಟರಿಗೆ ಅದರ ಐದಾರು ಪಟ್ಟು. ಅದೇ ವಾರ ಗಿರಾಕಿಯೊಬ್ಬರು ಪರದೆ ನೋಡದೆ "ಸರಿ ಐತಿ" ಎಂದ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಹೊತ್ತು ತಪ್ಪಾಗಿ ಅಚ್ಚಾಗಿ, 500 ಕಾರ್ಡುಗಳನ್ನು ಚಿಕ್ಕಪ್ಪ ಕೈಯಿಂದ ದುಡ್ಡು ಹಾಕಿ ಮತ್ತೆ ಮಾಡಿಸಿಕೊಟ್ಟಿದ್ದರು. ಸಾಲ ಮಾಡಿಯಾದರೂ ಹೊಸ ಕಂಪ್ಯೂಟರ್ ತರುವ ಯೋಚನೆಯಲ್ಲಿದ್ದರು.

ಕೊನೆಗೆ ಇದು ಸರಿಹೋದದ್ದು 50 ರೂಪಾಯಿಯಲ್ಲಿ. ಹೇಗೆ ಎನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಗ್ರಾಫಿಕ್ಸ್ ಕಾರ್ಡ್ ಎಂದರೇನು, ಪರದೆಯ ತೊಂದರೆಗಳಿಗೆ ನಿಜವಾದ ಕಾರಣಗಳೇನು ಎಂದು ನೋಡೋಣ.

ಗ್ರಾಫಿಕ್ಸ್ ಕಾರ್ಡ್ ಮಾಡುವ ಕೆಲಸವೇನು?

ನಿಮ್ಮ ಪರದೆಯ ಮೇಲೆ ಕಾಣುವ ಪ್ರತಿಯೊಂದು ಚಿತ್ರವೂ, ಅಕ್ಷರವೂ ಪಿಕ್ಸೆಲ್ ಎಂಬ ಪುಟ್ಟ ಚುಕ್ಕೆಗಳಿಂದ ಆದದ್ದು. 1920×1080 ಅಳತೆಯ ಮಾನಿಟರ್‌ನಲ್ಲಿ ಇಂತಹ 20,73,600 ಚುಕ್ಕೆಗಳಿರುತ್ತವೆ. ಸಾಮಾನ್ಯ ಮಾನಿಟರ್ ಒಂದು ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ತೋರಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 12.4 ಕೋಟಿ ಚುಕ್ಕೆಗಳ ಬಣ್ಣ ಯಾವುದೆಂದು ಯಾರೋ ಹೇಳುತ್ತಲೇ ಇರಬೇಕು. ಈ ಕೆಲಸ ಮಾಡುವುದೇ ಗ್ರಾಫಿಕ್ಸ್ ಪ್ರೊಸೆಸರ್, ಅಂದರೆ ಜಿಪಿಯು.

ಇದು ಎರಡು ರೂಪದಲ್ಲಿ ಇರಬಹುದು. ಹಲವು ಪ್ರೊಸೆಸರ್‌ಗಳ ಒಳಗೇ ಒಂದು ಪುಟ್ಟ ಜಿಪಿಯು ಇರುತ್ತದೆ (ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ ಇಂಥದ್ದು). ಅದರ ಚಿತ್ರ ಮದರ್‌ಬೋರ್ಡಿನ ಪೋರ್ಟಿನಿಂದ ಹೊರಗೆ ಬರುತ್ತದೆ. ಇನ್ನೊಂದು, ಮದರ್‌ಬೋರ್ಡಿನ ಸ್ಲಾಟಿನಲ್ಲಿ ಪ್ರತ್ಯೇಕವಾಗಿ ಕೂರಿಸುವ ಕಾರ್ಡ್. ಅದರ ಚಿತ್ರ ಕಾರ್ಡಿನದೇ ಪೋರ್ಟಿನಿಂದ ಬರುತ್ತದೆ. ಪರದೆಯ ಅರ್ಧಕ್ಕರ್ಧ ಗೊಂದಲಗಳು ಹುಟ್ಟುವುದು ಇವೆರಡರ ನಡುವೆಯೇ.

ಮೊದಲು ನೋಡಬೇಕಾದದ್ದು ಕೇಬಲ್

ಕಂಪ್ಯೂಟರಿನ ಹಿಂಭಾಗ ನೋಡಿ. ಯುಎಸ್‌ಬಿ, ಇಂಟರ್ನೆಟ್ ಕೇಬಲ್, ಸ್ಪೀಕರ್ ಎಲ್ಲ ಸೇರುವ ಗುಂಪಿನಲ್ಲೇ ಇರುವ ಮಾನಿಟರ್ ಪೋರ್ಟ್ ಮದರ್‌ಬೋರ್ಡಿನದು. ಅದರಿಂದ ಕೆಳಗೆ, ಬೇರೆಯೇ ಆದ ಲೋಹದ ಪಟ್ಟಿಯ ಮೇಲೆ ಅಡ್ಡಲಾಗಿ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಹಳೆಯ ಮದರ್‌ಬೋರ್ಡುಗಳು ತಮ್ಮ ಪೋರ್ಟನ್ನು ತಾವೇ ಮುಚ್ಚಿಬಿಡುತ್ತವೆ. ಆಗ ಕೇಬಲ್ ಮೇಲಿನ ಪೋರ್ಟಿನಲ್ಲೇ ಉಳಿದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಅಂಗಡಿ ಗುಡಿಸುವಾಗ, ಮನೆ ಬದಲಾಯಿಸುವಾಗ ಕೇಬಲ್ ತೆಗೆದು ಹಾಕಿದ್ದರೆ ಮೊದಲು ಇದನ್ನು ನೋಡಿ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ನೀಲಿ ತುದಿಯ ವಿಜಿಎ ಕೇಬಲ್. 1987ರಲ್ಲಿ ಐಬಿಎಂ ಪರಿಚಯಿಸಿದ ಈ ವ್ಯವಸ್ಥೆಯಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ಪಿನ್ ಇದೆ. ಪರದೆಯೆಲ್ಲ ಹಳದಿಯಾಗಿ ಕಂಡರೆ ನೀಲಿಯ ಪಿನ್, ನೇರಳೆಗೆಂಪಾದರೆ ಹಸಿರಿನ ಪಿನ್, ಹಸಿರುನೀಲಿಯಾದರೆ ಕೆಂಪಿನ ಪಿನ್ ತಾಗುತ್ತಿಲ್ಲ ಎಂದು ಊಹಿಸಬಹುದು. ಇದಕ್ಕೆ ಕಾರ್ಡ್ ಬದಲಿಸುವ ಅಗತ್ಯವಿಲ್ಲ. ಕೇಬಲ್ ಬಿಚ್ಚಿ, ಬಾಗಿದ ಪಿನ್ ಇದೆಯೇ ನೋಡಿ, ಎರಡೂ ಕಡೆಯ ಸ್ಕ್ರೂ ಬಿಗಿಯಾಗಿ ತಿರುಗಿಸಿದರೆ ಎಷ್ಟೋ ಸಲ ಸಾಕು.

ಇದೇ ಕೇಬಲ್‌ನ ಇನ್ನೆರಡು ಪಿನ್‌ಗಳ ಮೂಲಕ ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳುತ್ತದೆ: ನನ್ನ ಅಳತೆ ಇಷ್ಟು, ನಾನು ಸೆಕೆಂಡಿಗೆ ಇಷ್ಟು ಚಿತ್ರ ತೋರಿಸಬಲ್ಲೆ ಎಂದು. ಆ ಪಿನ್ ಮುರಿದಿದ್ದರೆ ಚಿತ್ರವೇನೋ ಬರುತ್ತದೆ, ಆದರೆ ಸೆಟ್ಟಿಂಗ್ಸ್‌ನಲ್ಲಿ ಸರಿಯಾದ ರೆಸಲ್ಯೂಶನ್ ಸಿಗುವುದೇ ಇಲ್ಲ. ಆಗ ಬೇರೆ ಕೇಬಲ್ ಹಾಕಿ ನೋಡಿ.

ಅಕ್ಷರ ದೊಡ್ಡದಾಗಿ, ಮಸುಕಾಗಿ ಕಾಣುತ್ತಿದೆಯೇ?

ಪ್ರತಿ ಎಲ್‌ಸಿಡಿ ಮಾನಿಟರಿಗೂ ಅದರದೇ ಆದ ಸಹಜ ರೆಸಲ್ಯೂಶನ್ ಇರುತ್ತದೆ. ಹಳೆಯವುಗಳಲ್ಲಿ ಸಾಮಾನ್ಯವಾಗಿ 1366×768, 1600×900 ಅಥವಾ 1920×1080. ಇದಕ್ಕಿಂತ ಬೇರೆ ಅಳತೆ ಇಟ್ಟರೆ ಮಾನಿಟರ್ ಚಿತ್ರವನ್ನು ಎಳೆದು ಹಿಗ್ಗಿಸಬೇಕಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಇದು ಅಷ್ಟಾಗಿ ತಿಳಿಯದು. ಕನ್ನಡದಲ್ಲಿ ಒತ್ತಕ್ಷರಗಳು ಬಹಳ ಕಡಿಮೆ ಚುಕ್ಕೆಗಳಲ್ಲಿ ಮೂಡಬೇಕಾದ್ದರಿಂದ 'ಸ್ವಾತಂತ್ರ್ಯ'ದ ಕೊನೆಯ ಭಾಗ ಒಂದು ಕಲೆಯಂತೆ ಕಾಣತೊಡಗುತ್ತದೆ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ದಿನವಿಡೀ ಟೈಪ್ ಮಾಡುವವರಿಗೆ ಇದು ಕಣ್ಣಿನ ಆಯಾಸ ಮಾತ್ರವಲ್ಲ, ತಪ್ಪಿಗೂ ದಾರಿ.

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್‌ಪ್ಲೇ ಸೆಟ್ಟಿಂಗ್ಸ್' ತೆರೆದರೆ 'ರೆಸಲ್ಯೂಶನ್' ಪಟ್ಟಿ ಕಾಣುತ್ತದೆ. 'ರೆಕಮೆಂಡೆಡ್' ಎಂದು ಬರೆದಿರುವುದನ್ನೇ ಆರಿಸಿಕೊಳ್ಳಿ. ಅಕ್ಷರ ತೀರಾ ಚಿಕ್ಕದೆನಿಸಿದರೆ ರೆಸಲ್ಯೂಶನ್ ಇಳಿಸಬೇಡಿ, ಅದರ ಮೇಲಿರುವ 'ಸ್ಕೇಲ್' ಅನ್ನು 100ರಿಂದ 125ಕ್ಕೆ ಏರಿಸಿ. ವಿಜಿಎ ಕೇಬಲ್ ಆಗಿದ್ದರೆ ಮಾನಿಟರ್ ಮೇಲಿನ 'ಆಟೋ' ಗುಂಡಿಯನ್ನೂ ಒಮ್ಮೆ ಒತ್ತಿ. ಪಕ್ಕಕ್ಕೆ ಸರಿದ ಅಥವಾ ನಡುಗುವ ಚಿತ್ರ ಸರಿಹೋಗುತ್ತದೆ.

ತಪ್ಪು ಸೆಟ್ಟಿಂಗ್ ಆರಿಸಿ ಪರದೆ ಕಪ್ಪಾದರೆ, 'ಔಟ್ ಆಫ್ ರೇಂಜ್' ಎಂದು ಬಂದರೆ ಗಾಬರಿ ಬೇಡ. ಏನನ್ನೂ ಮುಟ್ಟದೆ 15 ಸೆಕೆಂಡು ಕಾದರೆ ವಿಂಡೋಸ್ ತಾನೇ ಹಿಂದಿನ ಸೆಟ್ಟಿಂಗಿಗೆ ಮರಳುತ್ತದೆ.

ಸರಿಯಾದ ರೆಸಲ್ಯೂಶನ್ ಪಟ್ಟಿಯಲ್ಲೇ ಇಲ್ಲದಿದ್ದರೆ?

ಆಗ ಕೇಬಲ್ ನಂತರದ ಶಂಕೆ ಡ್ರೈವರ್ ಮೇಲೆ. ಡ್ರೈವರ್ ಎಂದರೆ ವಿಂಡೋಸ್ ಹೇಳಿದ್ದನ್ನು ಕಾರ್ಡಿಗೆ ಅರ್ಥವಾಗುವಂತೆ ತಿಳಿಸುವ ತಂತ್ರಾಂಶ, ಒಂದು ರೀತಿಯ ದುಭಾಷಿ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಅಲ್ಲಿ 'ಡಿಸ್‌ಪ್ಲೇ ಅಡಾಪ್ಟರ್ಸ್' ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ನಿಮ್ಮ ಕಾರ್ಡಿಗೆ ಸರಿಯಾದ ಡ್ರೈವರ್ ಕೂತಿಲ್ಲ, ವಿಂಡೋಸ್ ಹೇಗೋ ಕೆಲಸ ನಡೆಸುತ್ತಿದೆ ಎಂದರ್ಥ.

ಯಾವ ಕಂಪನಿಯ ಕಾರ್ಡ್ ಎಂದು ಗೊತ್ತಿಲ್ಲದಿದ್ದರೆ ಅದೇ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪ್ರಾಪರ್ಟೀಸ್', ಅಲ್ಲಿ 'ಡೀಟೇಲ್ಸ್', ಅಲ್ಲಿ 'ಹಾರ್ಡ್‌ವೇರ್ ಐಡಿ' ನೋಡಿ. 'ವಿಇಎನ್' ಎಂಬ ಅಕ್ಷರಗಳ ಮುಂದೆ 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್. (ಇಂಟೆಲ್ ತನ್ನ 1978ರ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಂಡಿದೆ.) ಡ್ರೈವರನ್ನು ಆಯಾ ಕಂಪನಿಯ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಿ. "ನಿಮ್ಮ 14 ಡ್ರೈವರ್‌ಗಳು ಹಳತಾಗಿವೆ" ಎಂದು ಹೆದರಿಸುವ ಉಚಿತ ಅಪ್‌ಡೇಟರ್‌ಗಳನ್ನು ನಂಬಬೇಡಿ. ಬೇಡದ ತಂತ್ರಾಂಶ ತುಂಬಿ ದುಡ್ಡು ಕೇಳುವುದೇ ಅವುಗಳಲ್ಲಿ ಎಷ್ಟೋ ತಂತ್ರಾಂಶಗಳ ಕಸುಬು.

ಇಲ್ಲಿ ಇನ್ನೊಂದು ಮಾತು. ಹಳೆಯ ಕಾರ್ಡಿಗೆ ಹೊಸ ಡ್ರೈವರ್ ಯಾವಾಗಲೂ ಒಳ್ಳೆಯದು ಎನ್ನುವುದು ತಪ್ಪು. ನಮ್ಮೂರ ಅಂಗಡಿಗಳಲ್ಲಿ ಇಂದಿಗೂ ಕಾಣುವ ಜಿಟಿ 710ರಂತಹ ಕೆಪ್ಲರ್ ಪೀಳಿಗೆಯ ಕಾರ್ಡುಗಳಿಗೆ ಎನ್‌ವಿಡಿಯಾ 470 ಸರಣಿಯ ನಂತರ ಡ್ರೈವರ್ ಕೊಟ್ಟಿಲ್ಲ. ಸಾಮಾನ್ಯ ಡ್ರೈವರ್‌ಗಳು 2021ರಲ್ಲೇ ನಿಂತವು, ಭದ್ರತಾ ಪರಿಹಾರಗಳಿಗೆ 2024ರ ಸೆಪ್ಟೆಂಬರ್ ಕೊನೆಯ ಗಡುವಾಗಿತ್ತು. ಇಂತಹ ಕಾರ್ಡಿಗೆ ಇತ್ತೀಚಿನ ಡ್ರೈವರ್ ಹಾಕಲು ಹೋದರೆ 'ಹೊಂದುವ ಹಾರ್ಡ್‌ವೇರ್ ಇಲ್ಲ' ಎಂಬ ಉತ್ತರ ಬರುತ್ತದೆ. ಅದನ್ನೇ 'ಕಾರ್ಡ್ ಸತ್ತಿದೆ' ಎಂದು ತಿಳಿಯುವವರಿದ್ದಾರೆ. ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಪ್ರಾಪರ್ಟೀಸ್‌ನ 'ಡ್ರೈವರ್' ಪುಟದಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಳೆಯದಕ್ಕೆ ಮರಳಬಹುದು.

ನಾಲ್ಕು ತಪ್ಪು ನಂಬಿಕೆಗಳು

ಒಂದು: 'ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ.' ಕಂಪ್ಯೂಟರ್ ಆನ್ ಮಾಡಿದ ಕೂಡಲೇ ರೈಟ್ ಕ್ಲಿಕ್ ಮಾಡಿ ನಾಲ್ಕೈದು ಸಲ ರಿಫ್ರೆಶ್ ಒತ್ತುವ ಅಭ್ಯಾಸ ನಮ್ಮಲ್ಲಿ ಬಹುತೇಕರಿಗಿದೆ, ನನಗೂ ಇತ್ತು. ಅದು ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳನ್ನು ಮತ್ತೊಮ್ಮೆ ಬಿಡಿಸುತ್ತದೆ, ಅಷ್ಟೇ. ಮೆಮೊರಿಗೂ ಗ್ರಾಫಿಕ್ಸಿಗೂ ಅದಕ್ಕೂ ಸಂಬಂಧವಿಲ್ಲ. ಪರದೆ ನಿಜಕ್ಕೂ ಸ್ತಬ್ಧವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿ. ವಿಂಡೋಸ್ 10ರಲ್ಲಿ ಇದು ಗ್ರಾಫಿಕ್ಸ್ ಡ್ರೈವರನ್ನು ಮತ್ತೆ ಶುರುಮಾಡುತ್ತದೆ.

ಎರಡು: 'ಹೆಚ್ಚು ಜಿಬಿಯ ಕಾರ್ಡ್ ಎಂದರೆ ಹೆಚ್ಚು ವೇಗದ ಕಾರ್ಡ್.' ದಾವಣಗೆರೆಯ ಮೆಕ್ಕೆಜೋಳದ ಗೋದಾಮನ್ನು ನೆನಪಿಸಿಕೊಳ್ಳಿ. ಗೋದಾಮು ಎಷ್ಟೇ ದೊಡ್ಡದಿರಲಿ, ಬಾಗಿಲು ಕಿರಿದಾಗಿದ್ದರೆ ಚೀಲಗಳು ಒಂದೊಂದೇ ಹೊರಬರಬೇಕು. ಜಿಬಿ ಎನ್ನುವುದು ಗೋದಾಮಿನ ಗಾತ್ರ. ಬಾಗಿಲಿನ ಅಗಲವನ್ನು ಬ್ಯಾಂಡ್‌ವಿಡ್ತ್ ಎನ್ನುತ್ತಾರೆ. ಜಿಟಿ 1030 ಎಂಬ ಒಂದೇ ಹೆಸರಿನ, ಒಂದೇ 2 ಜಿಬಿಯ ಎರಡು ಬಗೆಯ ಕಾರ್ಡುಗಳು ಮಾರುಕಟ್ಟೆಗೆ ಬಂದಿವೆ. ಜಿಡಿಡಿಆರ್5 ಮೆಮೊರಿಯದು ಸೆಕೆಂಡಿಗೆ 48 ಜಿಬಿ ಸಾಗಿಸಬಲ್ಲದು, ಡಿಡಿಆರ್4 ಮೆಮೊರಿಯದು 16.8 ಜಿಬಿ ಮಾತ್ರ. ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಮೆಮೊರಿಯ ಬಗೆ ಓದಿ.

ಮೂರು: 'ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಎಲ್ಲವೂ ವೇಗವಾಗುತ್ತದೆ.' ಆಟ, ವಿಡಿಯೋ ಎಡಿಟಿಂಗ್, ಮೂರು ಆಯಾಮದ ವಿನ್ಯಾಸ ಇವುಗಳಿಗೆ ಹೌದು. ಟೈಪಿಂಗ್, ಅರ್ಜಿ ತುಂಬುವುದು, ಪ್ರಿಂಟ್ ತೆಗೆಯುವುದಕ್ಕೆ ಇಲ್ಲ. ಆನ್ ಆಗಲು ಐದು ನಿಮಿಷ ತೆಗೆದುಕೊಳ್ಳುವ ಹಳೆಯ ಕಂಪ್ಯೂಟರಿಗೆ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸುವುದು ಹೆಚ್ಚು ಉಪಯುಕ್ತ.

ನಾಲ್ಕು: 'ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತದೆ.' ಇದು ಅರ್ಧ ನಿಜ. ರ‍್ಯಾಮ್ ಮತ್ತು ಕಾರ್ಡಿನ ಚಿನ್ನದ ಬಣ್ಣದ ಅಂಚಿನ ಮೇಲೆ ಕೊಳೆ ಕೂತಾಗ ಸಂಪರ್ಕ ಕೆಡುತ್ತದೆ, ಉಜ್ಜಿದರೆ ಕೊಳೆ ಹೋಗುತ್ತದೆ. ಆದರೆ ಆ ಚಿನ್ನದ ಲೇಪ ಬಹಳ ತೆಳು, ಪದೇ ಪದೇ ಉಜ್ಜಿದರೆ ಅದೂ ಹೋಗುತ್ತದೆ. ರಬ್ಬರಿನ ಪುಡಿ ಸ್ಲಾಟಿನಲ್ಲಿ ಸೇರಿ ಹೊಸ ತೊಂದರೆ ಕೊಡಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ, ನಾರು ಬಿಡದ ಬಟ್ಟೆಯಿಂದ ಒರೆಸಿ ಒಣಗಿಸುವುದು ಕ್ಷೇಮ. ಎಷ್ಟೋ ಸಲ ಕಾರ್ಡನ್ನು ತೆಗೆದು ಮತ್ತೆ ಬಿಗಿಯಾಗಿ ಕೂರಿಸಿದ್ದರಿಂದಲೇ ಕೆಲಸ ಆಗಿರುತ್ತದೆ, ಹೆಸರು ಮಾತ್ರ ರಬ್ಬರಿಗೆ!

ಹರಿಹರದ ಕಪ್ಪು ಪರದೆಯ ರಹಸ್ಯ

ಈಗ ಚಿಕ್ಕಪ್ಪನ ಅಂಗಡಿಗೆ ಮರಳೋಣ. ನಾನು ಓದಿದ್ದು ಸಂವಹನ, ಎಂಜಿನಿಯರಿಂಗ್ ಅಲ್ಲ. ಆದರೆ ಒಂದೊಂದೇ ಸಾಧ್ಯತೆಯನ್ನು ತೆಗೆದುಹಾಕುತ್ತ ಹೋಗುವುದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಒಂದು ಭಾನುವಾರ ದಾವಣಗೆರೆಯಿಂದ ಬಸ್ ಹತ್ತಿ, ಅಂಗಡಿ ತೆರೆಯುವ ಹೊತ್ತಿಗೆ ಹೋದೆ. "ನೋಡವ್ವ, ಮತ್ತೆ ಕಣ್ಣು ಮುಚ್ಚಿಕೊಂಡೈತಿ" ಎಂದರು ಚಿಕ್ಕಪ್ಪ.

ಅವರ ಕಡೆಯ ಮಾನಿಟರ್ ಕಾರ್ಡಿಗೆ, ಗಿರಾಕಿಯ ಕಡೆಯದು ಮದರ್‌ಬೋರ್ಡಿನ ಪೋರ್ಟಿಗೆ ಸೇರಿತ್ತು. ಎರಡಕ್ಕೂ ವಿಜಿಎ ಕೇಬಲ್, ಕಾರ್ಡಿನಲ್ಲಿ ಇದ್ದದ್ದು ಒಂದೇ ವಿಜಿಎ ಪೋರ್ಟ್. ಕಪ್ಪಾಗಿದ್ದ ಮಾನಿಟರನ್ನು ಅದರ ಕೇಬಲ್ ಸಮೇತ ಕಾರ್ಡಿಗೆ ಸಿಕ್ಕಿಸಿದೆ. ತಟ್ಟನೆ ಬೆಳಗಿತು. ಅಲ್ಲಿಗೆ ಮಾನಿಟರ್, ಕೇಬಲ್, ಕಾರ್ಡ್ ಮೂರೂ ನಿರಪರಾಧಿಗಳು. ಡಿವೈಸ್ ಮ್ಯಾನೇಜರ್ ತೆರೆದರೆ ಎನ್‌ವಿಡಿಯಾ ಹೆಸರಿತ್ತು, ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ ಹೆಸರೇ ಇರಲಿಲ್ಲ. ಹಿಂದೆ ರಿಪೇರಿಯಾದ ದಿನ ಅದೇ ಪುಟದ ಫೋಟೊವನ್ನು ಚಿಕ್ಕಪ್ಪ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಅದರಲ್ಲಿ ಎರಡೂ ಹೆಸರುಗಳಿದ್ದವು. ಅಂದರೆ ಬೋರ್ಡಿನ ಗ್ರಾಫಿಕ್ಸ್ ಹಗಲು ಇರುತ್ತದೆ, ರಾತ್ರಿ ಕಳೆದರೆ ಮಾಯವಾಗುತ್ತದೆ. ಕೆಟ್ಟ ಚಿಪ್ ಹೀಗೆ ಹೊತ್ತು ನೋಡಿಕೊಂಡು ಕೆಡುವುದು ಅಪರೂಪ.

"ಬೆಳಿಗ್ಗೆ ಆನ್ ಮಾಡುವಾಗ ಬೇರೆ ಏನಾದರೂ ಆಗುತ್ತಾ ಚಿಕ್ಕಪ್ಪ?" ಎಂದು ಕೇಳಿದೆ. ಏನೂ ಇಲ್ಲ ಎಂದವರು, ಸ್ವಲ್ಪ ಯೋಚಿಸಿ ಎರಡು ವಿಷಯ ಹೇಳಿದರು. ಆನ್ ಆಗುವಾಗ ಕಪ್ಪು ಪರದೆಯ ಮೇಲೆ ಏನೋ ಇಂಗ್ಲಿಷ್‌ನಲ್ಲಿ ಬರುತ್ತದೆ, ಅವರು ದಿನವೂ ಎಫ್1 ಒತ್ತಿ ಮುಂದೆ ಹೋಗುತ್ತಾರೆ. ಆಮೇಲೆ ತಾರೀಖು ತಪ್ಪಿರುತ್ತದೆ, ಸರಿಮಾಡದಿದ್ದರೆ ಸರ್ಕಾರಿ ಜಾಲತಾಣಗಳು ತೆರೆಯುವುದಿಲ್ಲ. 'ಇಂಟರ್ನೆಟ್ ಸಮಸ್ಯೆ' ಎಂದುಕೊಂಡು ತಿಂಗಳುಗಟ್ಟಲೆ ಕೈಯಿಂದಲೇ ತಾರೀಖು ತಿದ್ದುತ್ತಿದ್ದರು.

ಉತ್ತರ ಅಲ್ಲೇ ಇತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ ಒಂದು ಬ್ಯಾಟರಿ ಇರುತ್ತದೆ. ಹೆಸರು ಸಿಆರ್2032 (20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎನ್ನುವುದನ್ನು ಈ ಅಂಕಿಗಳೇ ಹೇಳುತ್ತವೆ). ವಿದ್ಯುತ್ ಇಲ್ಲದಾಗ ಗಡಿಯಾರ ನಡೆಸುವುದು, ಹಳೆಯ ಬೋರ್ಡುಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳನ್ನು ನೆನಪಿಡಲು ನೆರವಾಗುವುದು ಅದರ ಕೆಲಸ. ಗೋಡೆಯ ಸ್ವಿಚ್ ಆನ್ ಇರುವವರೆಗೆ, ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ, ಬೋರ್ಡಿಗೆ ಸ್ವಲ್ಪ ವಿದ್ಯುತ್ ಸಿಗುತ್ತಲೇ ಇರುತ್ತದೆ. ಆದ್ದರಿಂದ ಹಗಲು ತೊಂದರೆ ಇರಲಿಲ್ಲ. ರಾತ್ರಿ ಅಂಗಡಿ ಮುಚ್ಚುವಾಗ ಚಿಕ್ಕಪ್ಪ ಮೇನ್ ಸ್ವಿಚ್ ಆರಿಸುತ್ತಿದ್ದರು. ಬ್ಯಾಟರಿ ಸತ್ತಿದ್ದರಿಂದ ಬಯಾಸ್ ಎಲ್ಲವನ್ನೂ ಮರೆತು ಕಾರ್ಖಾನೆಯ ಸೆಟ್ಟಿಂಗಿಗೆ ಮರಳುತ್ತಿತ್ತು. ಆ ಸೆಟ್ಟಿಂಗಿನಲ್ಲಿ, ಕಾರ್ಡ್ ಇದ್ದರೆ ಬೋರ್ಡಿನ ಗ್ರಾಫಿಕ್ಸ್ ಬಂದ್! ರಿಪೇರಿಯವರು ಮೊದಲ ದಿನ ಬಯಾಸ್‌ನಲ್ಲಿ 'ಮಲ್ಟಿ ಮಾನಿಟರ್' ಎಂಬುದನ್ನು ಆನ್ ಮಾಡಿದ್ದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು, ಒಂದು ರಾತ್ರಿ ದಾಟಲಿಲ್ಲ ಅಷ್ಟೇ. ಪಕ್ಕದ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನೋಡಿದಾಗ 3 ವೋಲ್ಟ್ ಇರಬೇಕಾದ ಬ್ಯಾಟರಿಯಲ್ಲಿ 2 ವೋಲ್ಟ್ ಕೂಡ ಇರಲಿಲ್ಲ.

ಹೊಸ ಬ್ಯಾಟರಿ ಹಾಕಿ, ತಾರೀಖು ಸರಿಪಡಿಸಿ, ಮಲ್ಟಿ ಮಾನಿಟರ್ ಮತ್ತೆ ಆನ್ ಮಾಡಿದೆವು. ರಾತ್ರಿ ಎಂದಿನಂತೆ ಮೇನ್ ಆರಿಸಿ ಹೋದರು. ಮರುದಿನ ಬೆಳಿಗ್ಗೆ ಎರಡೂ ಪರದೆಗಳ ಫೋಟೊ ನನ್ನ ಫೋನಿಗೆ ಬಂತು.

ನೀವೇ ಮಾಡುವುದಾದರೆ ಎಚ್ಚರಿಕೆ

• ಬ್ಯಾಟರಿ ಬದಲಿಸುವ ಮುನ್ನ ಬಯಾಸ್‌ನ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಹಾರ್ಡ್ ಡಿಸ್ಕಿಗೆ ಸಂಬಂಧಿಸಿದ 'ಸಾಟಾ ಮೋಡ್' ಬದಲಾದರೆ ವಿಂಡೋಸ್ ತೆರೆಯದೇ ಹೋಗಬಹುದು.

• ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿ, ಆಮೇಲೆ ಒಳಗೆ ಕೈ ಹಾಕಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ.

• ಧೂಳನ್ನು ಮೆದು ಬ್ರಷ್‌ನಿಂದ ತೆಗೆಯಿರಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ಧೂಳು ತುಂಬಿದ ಕಾರ್ಡ್ ಬೇಗ ಬಿಸಿಯಾಗಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ.

• ಹಳೆಯ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ನುಂಗಿರುವ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಾದರೆ ಕಾರ್ಡ್ ಕೆಡುವುದೇ ಇಲ್ಲವೇ? ಖಂಡಿತ ಕೆಡುತ್ತದೆ. ವಿಂಡೋಸ್ ತೆರೆಯುವ ಮೊದಲೇ, ಬಯಾಸ್ ಪುಟದಲ್ಲೂ ಗೆರೆಗಳು, ಬಣ್ಣದ ಚೌಕಗಳು ಕಂಡರೆ, ಬೇರೆ ಮಾನಿಟರ್, ಬೇರೆ ಕೇಬಲ್ ಹಾಕಿದರೂ ಹಾಗೆಯೇ ಇದ್ದರೆ ಶಂಕೆ ಕಾರ್ಡಿನ ಮೇಲೆಯೇ. ಆ ಕಾರ್ಡನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದರೆ ಖಚಿತವಾಗುತ್ತದೆ. ಹೊಸದನ್ನು ಕೊಳ್ಳುವ ಮೊದಲು ರಿಪೇರಿಯವರನ್ನು ಈ ಪರೀಕ್ಷೆ ಮಾಡಿ ತೋರಿಸಲು ಕೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ.

ಹಳೆಯ ಕಂಪ್ಯೂಟರ್ ಎಂದೆಂದಿಗೂ ನಡೆಯುತ್ತದೆ ಎಂದೇನೂ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಚಿಕ್ಕಪ್ಪನ ಕಂಪ್ಯೂಟರ್ ವಿಂಡೋಸ್ 11ರ ನಿಯಮಗಳಿಗೆ ಹೊಂದುವುದಿಲ್ಲ, ಒಂದಲ್ಲ ಒಂದು ದಿನ ಬದಲಿಸಲೇಬೇಕು. ಅದಕ್ಕಾಗಿ ಅವರು ಈಗ ತಿಂಗಳು ತಿಂಗಳು ಸ್ವಲ್ಪ ಹಣ ಎತ್ತಿಡುತ್ತಿದ್ದಾರೆ. ಸಾಲ ಮಾಡಬೇಕಾಗಿ ಬರಲಿಲ್ಲ. ಕೌಂಟರ್ ಆಚೆಯ ಪರದೆಯಲ್ಲಿ ಗಿರಾಕಿಗಳು ಮುಹೂರ್ತದ ಹೊತ್ತನ್ನು ತಾವೇ ಓದಿ ನೋಡಿಕೊಳ್ಳುತ್ತಿದ್ದಾರೆ.